ಕರಜಗಿಯ ಮೋಟರು ಒಯ್ದವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಳ್ಳ ಮಹಾಶಯರೇ,

ಸಾಷ್ಟಾಂಗ ನಮಸ್ಕಾರ. ತಾವು ಕ್ಷೇಮವೆಂದು ನಂಬಿದ್ದೇನೆ. ಐದು ಎಚ್‌ಪಿ ಮೋಟರನ್ನು ಬಾವಿಯ ದಂಡೆಯಿಂದ ಕಳಚಿ, ಕತ್ತಲಲ್ಲಿ ಬದುವಿನ ಮೇಲೆ ಹೊತ್ತುಕೊಂಡು ಹೋದಿರಲ್ಲ, ಸೊಂಟ ಹೇಗಿದೆಯೋ ಎಂಬುದೊಂದೇ ಚಿಂತೆ. ಪೊಲೀಸರಿಗೆ ಬರೆದುಕೊಟ್ಟದ್ದು ಆಗಿದೆ. ಇದು ಮೋಟರು ಕೇಳಲು ಬರೆದ ಪತ್ರವಲ್ಲ. ನಮ್ಮ ಮನೆಯ ಹುಡುಗಿಯೊಬ್ಬಳ ವಿದ್ಯೆಯ ಪ್ರಶ್ನೆ.

ನನ್ನ ತಮ್ಮನ ಮಗಳು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಾಳೆ. ವಿಷಯ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ. ಈ ಹೆಸರು ಹೇಳಿ ಹೇಳಿ ನಮಗೆ ಸಾಕಾಗಿದೆ. "ವಿಧಿವಿಜ್ಞಾನ ಅಂದ್ರ ಹಣೇಬರ ಓದೂದೇನ?" ಅಂದಳು ನಮ್ಮವ್ವ. ಬೆರಳಿನ ಗೆರೆ ನೋಡುವುದನ್ನೂ ಕಲಿಸುತ್ತಾರೆಂದು ಹುಡುಗಿ ಬಾಯಿಬಿಟ್ಟದ್ದೇ ತಡ, ಓಣಿಯ ನಾಲ್ಕು ಮಂದಿ ಹೆಂಗಸರು ಕೈ ಚಾಚಿಕೊಂಡು ಕಟ್ಟೆಗೆ ಬಂದು ಕೂತರು. ಅವಳು ಯಾರ ಭವಿಷ್ಯವನ್ನೂ ಹೇಳಲಿಲ್ಲ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆದದ್ದನ್ನು ಹೇಳಿದಳು. ಅಚ್ಚುಗಳನ್ನು ವಿಂಗಡಿಸುವ ಲೆಕ್ಕಕ್ಕೆ ತಲೆ ಕೆಡಿಸಿಕೊಂಡವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಬಂದದ್ದು ಅವರ ಮೇಲಧಿಕಾರಿ ಹೆನ್ರಿ ಸಾಹೇಬನಿಗೆ ಎಂದಳು. (ಕಸುಬಿನವರಾದ ನೀವು ಮೆಚ್ಚಬೇಕಾದ ಕೈಚಳಕ. ಬೆರಳಚ್ಚಿನ ಪದ್ಧತಿಯನ್ನೇ ಎತ್ತಿದರೂ ಬೆರಳಚ್ಚು ಸಿಗಲಿಲ್ಲ.)

ನೀವು ದಯಮಾಡಿಸಿದ ರಾತ್ರಿ ಅವಳು ಸೂಟಿಗೆಂದು ಊರಲ್ಲೇ ಇದ್ದಳು. ಒಂದು ಇನ್ನೊಂದನ್ನು ಮುಟ್ಟಿದರೆ ಕುರುಹು ಉಳಿದೇ ಉಳಿಯುತ್ತದೆ ಎಂಬ ತತ್ವ ಅವಳಿಗೆ ಬಾಯಿಪಾಠ. ಅದನ್ನು ಹೇಳಿದವನು 1910ರಲ್ಲಿ ಫ್ರಾನ್ಸಿನ ಲಿಯೋಂ ಊರಿನಲ್ಲಿ ಪ್ರಯೋಗಾಲಯ ಹಾಕಿದ ಎಡ್ಮಂಡ್ ಲೊಕಾರ್. ಅವನು ಕರಜಗಿ ಕಂಡವನಲ್ಲ. ಬೆಳಗಿನ ಆರಕ್ಕೇ ಅರ್ಧ ಊರು ಬಾವಿಯ ಹತ್ತಿರ ನೆರೆದು ಎಲ್ಲವನ್ನೂ ಮುಟ್ಟಿ ಮುಗಿಸಿತ್ತು. ಒಬ್ಬ ಸ್ಟಾರ್ಟರ್ ಪೆಟ್ಟಿಗೆಯನ್ನು ತೆರೆದು ಮುಚ್ಚಿ ಮತ್ತೆ ತೆರೆದ. ಇನ್ನೊಬ್ಬ ನೀವು ಕತ್ತರಿಸಿ ಬಿಟ್ಟ ಕೇಬಲ್ಲಿನ ತುದಿ ಹಿಡಿದು ಅದನ್ನು ನೀಟಾಗಿ ಸುತ್ತಿಟ್ಟ. ಹುಡುಗಿ ಕಾಲುವೆಯ ಹಸಿ ಮಣ್ಣಿನಲ್ಲಿ ಅಚ್ಚುಕಟ್ಟಾದ ಒಂದು ಹೆಜ್ಜೆ ಕಂಡು, ಮೇಲೆ ಬುಟ್ಟಿ ಬೋರಲು ಹಾಕಿ ಮನೆಗೆ ಓಡಿದಳು. ಗಣಪತಿಗೆ ತಂದು ಉಳಿದಿದ್ದ ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ಕಲಸಿ ತಂದು ಸುರಿದಳು. ಅದು ಗಟ್ಟಿಯಾಗುವ ತನಕ ಯಾರೂ ಉಸಿರೆತ್ತಲಿಲ್ಲ. ಎರಕ ಎತ್ತಿ ಮಗುಚಿ, ಮಣ್ಣು ಒರೆಸಿ ನೋಡಿದರೆ ನನ್ನದೇ ಚಪ್ಪಲಿ, ಹಿಮ್ಮಡಕ್ಕೆ ಬಡಿಸಿದ ಮೂರು ಮೊಳೆಗಳ ಸಮೇತ.

ಪಂಚನಾಮೆ ಆಯಿತು. ನಮ್ಮೂರ ಮಾತು ಕನ್ನಡ, ಸರಕಾರ ಮಹಾರಾಷ್ಟ್ರದ್ದು. ಪಂಚರು ಹೇಳಿದ್ದು ಕನ್ನಡದಲ್ಲಿ, ಬರೆದುಕೊಂಡದ್ದು ಮರಾಠಿಯಲ್ಲಿ, ಓದಿ ಹೇಳಿದ್ದು ಅರ್ಧ ಹಿಂದಿಯಲ್ಲಿ, ಸಹಿ ಬಿದ್ದದ್ದು ಮತ್ತೆ ಕನ್ನಡದಲ್ಲಿ. "ಮೋಟರು ಬಾವಿ ದಂಡ್ಯಾಗಿತ್ರಿ" ಎಂದರೆ ಬರೆಯುವವರು "ದಂಡ ಎಷ್ಟು?" ಎಂದು ಕೇಳಿದರು.

"ಪ್ರಯೋಗಾಲಯದವರು ಬರೂದಿಲ್ಲೇನು?" ಎಂದೆ. ಉತ್ತರ ಕೊಟ್ಟವಳು ನಮ್ಮ ಹುಡುಗಿಯೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನ ಪ್ರಕಾರ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಎತ್ತಬೇಕು, ಚಿತ್ರೀಕರಣವೂ ಆಗಬೇಕು. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ 5 ವರ್ಷದ ಗಡುವು. ಸೌಲಭ್ಯವಿಲ್ಲದಿದ್ದರೆ ಬೇರೆ ರಾಜ್ಯದ್ದನ್ನು ಬಳಸಬಹುದು ಎಂದೂ ಅದರಲ್ಲಿದೆ. ಗಡಿಯವರಾದ ನಮಗೆ ಕಣ್ಣೀರು ಬರುವಂಥ ಮಾತು.

ಆದರೆ ನೀವು ಮಾಡಿದ್ದು ಬಯಲಿನ ಕಳ್ಳತನ. ಭಾರತೀಯ ನ್ಯಾಯ ಸಂಹಿತೆಯ 303ರಲ್ಲಿ ಅದಕ್ಕೆ ಹೆಚ್ಚೆಂದರೆ 3 ವರ್ಷ. ಮೊದಲ ಸಲ ಸಿಕ್ಕಿಬಿದ್ದು, ಮಾಲು 5,000 ರೂಪಾಯಿಯ ಒಳಗಿದ್ದು, ಅದನ್ನು ಹಿಂದಿರುಗಿಸಿದರೆ ಬರೀ ಸಮುದಾಯ ಸೇವೆ. ಅದೇ ಮೋಟರು ಒಂದು ಕಟ್ಟಡದೊಳಗೆ ಇದ್ದಿದ್ದರೆ 305ನೇ ಕಲಮು, 7 ವರ್ಷದವರೆಗೆ! ನನ್ನ ಮೋಟರಿನ ತಲೆಯ ಮೇಲೆ ಸೂರು ಇರಲಿಲ್ಲವಾಗಿ ವಿಜ್ಞಾನ ನನ್ನ ಹೊಲಕ್ಕೆ ಕಾಲಿಡಲಿಲ್ಲ. 2022ರ ನವೆಂಬರಿನಲ್ಲಿ ನಮ್ಮ ಜತ್ತ ತಾಲ್ಲೂಕಿನ 40 ಹಳ್ಳಿಗಳು ಯಾರವು ಎಂದು ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ನಾಯಕರು ಜಗ್ಗಾಡಿದರು. ಮೋಟರಿನ ಮೇಲೆ ನಿಮ್ಮನ್ನು ಬಿಟ್ಟು ಯಾರೂ ಹಕ್ಕು ಹೇಳಲಿಲ್ಲ.

ಇದೆಲ್ಲ ಹೇಳಿ ನಗುವ ಹುಡುಗಿ ಒಂದು ಪಾಠಕ್ಕೆ ಮಾತ್ರ ನಗುವುದಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆಯ ಬಾಗಿಲಲ್ಲೇ ಕೊಂದರು. ನಮ್ಮ ಪಕ್ಕದ ಜಿಲ್ಲೆಯ ಸಿಂದಗಿ ಕಡೆಯವರು ಅವರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಎರಡೂ ಕಡೆ ಬಿದ್ದಿದ್ದ ಕಾಡತೂಸುಗಳನ್ನು ಪ್ರಯೋಗಾಲಯದಲ್ಲಿ ಹೋಲಿಸಿದಾಗ, ಹಾರಿದ್ದು ಅದೇ 7.65 ಮಿಲಿಮೀಟರಿನ ನಾಡ ಪಿಸ್ತೂಲು ಎಂದು ಗೊತ್ತಾಯಿತು. ಎರಡು ವರ್ಷ ಮತ್ತು 400ಕ್ಕೂ ಹೆಚ್ಚು ಕಿಲೋಮೀಟರನ್ನು ಜೋಡಿಸಿದ್ದು ಕಣ್ಣಿಗೆ ಕಾಣದಂಥ ಗೀರುಗಳು. "ಇದನ್ನ ಕಲೀಬೇಕಂತ ಹೋಗೇನಿ ದೊಡ್ಡಪ್ಪ" ಎಂದಳು. 2023ರ ಜನವರಿ 28ರಂದು ಅಮಿತ್ ಶಾ ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಅಡಿಗಲ್ಲಿಟ್ಟಿದ್ದಾರೆ, ಮುಂದೆ ಎಂ.ಎಸ್ಸಿ.ಯನ್ನು ಅಲ್ಲೇ ಮಾಡುವ ಆಸೆ ಅವಳದು.

ಆದ್ದರಿಂದ ನನ್ನ ವಿನಂತಿ. ಹೊಸ ಮೋಟರು ತಂದಿದ್ದೇನೆ. ಈ ಸಲ ಅದಕ್ಕೆ ನಾಲ್ಕು ಗೋಡೆ ಎಬ್ಬಿಸಿ, ತಗಡು ಹೊದಿಸಿ, ಬಾಗಿಲಿಟ್ಟಿದ್ದೇನೆ. ಚಿಲಕ ಹಾಕುವುದಿಲ್ಲ. ಹೊಸ್ತಿಲ ಮುಂದೆ ನುಣ್ಣನೆಯ ಮಣ್ಣು ಹರಡಿ ದಿನಾ ಸಂಜೆ ನೀರು ಚಿಮುಕಿಸುತ್ತೇನೆ. ದೀಪಾವಳಿಗೆ ಹುಡುಗಿ ಬರುತ್ತಾಳೆ, ಎಂಟು ದಿನ ಇರುತ್ತಾಳೆ. ಆ ಎಂಟು ದಿನದೊಳಗೆ ಬನ್ನಿ. ಕೈಗವಸು ಹಾಕಿಕೊಳ್ಳಬೇಡಿ. ನನ್ನ ಚಪ್ಪಲಿಯನ್ನು ನಾನು ಮನೆಯಲ್ಲೇ ಬಿಟ್ಟಿರುತ್ತೇನೆ.

ಇಂತಿ,
ಮೋಟರು ಕಳಕೊಂಡವ
ಕರಜಗಿ (ಹಾವೇರಿಯದಲ್ಲ, ಅಫಜಲಪುರದ್ದೂ ಅಲ್ಲ, ಜತ್ತ ತಾಲ್ಲೂಕಿನದು, ದಾರಿ ನಿಮಗೆ ಗೊತ್ತಿದೆ)