ಡಾಕ್ಟರ ಕಾರಿಗೆ ಜ್ವರ

ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿರುವ ನಮ್ಮ ಡಾಕ್ಟರು ಮಕ್ಕಳ ವೈದ್ಯರು. ಮೂವತ್ತು ವರ್ಷದಿಂದ ಅವರು ಹೇಳಿಕೊಂಡು ಬಂದಿರುವ ಮಾತು ಒಂದೇ: "ಮೈ ಬಿಸಿಯಾಯ್ತು ಅಂತ ಗಾಬರಿ ಬೀಳಬೇಡಿ ತಾಯಿ. ಮಗು ಆಡ್ತಿದ್ಯಾ, ಹಾಲು ಕುಡೀತಿದ್ಯಾ, ಅದನ್ನ ನೋಡಿ." ಪಂಜಾಬಿ ತಾಯಂದಿರು, ಪೋಲೆಂಡಿನ ತಾಯಂದಿರು, ಯಾರ್ಕ್‌ಷೈರಿನ ಅಪ್ಪಟ ಅಜ್ಜಿಯರು ಎಲ್ಲರೂ ಈ ಮಾತು ಕೇಳಿ ನೆಮ್ಮದಿಯಾಗಿ ಮನೆಗೆ ಹೋಗಿದ್ದಾರೆ. ಅಂಥ ಡಾಕ್ಟರು ಕಳೆದ ತಿಂಗಳು ರಾತ್ರಿ ಹತ್ತೂವರೆಗೆ ಲೀಡ್ಸಿನಲ್ಲಿರುವ ನನಗೆ ಫೋನ್ ಮಾಡಿ, ದನಿ ತಗ್ಗಿಸಿ, "ಮೈ ಸುಡ್ತಾ ಇದೆ ಕಣ್ರೀ" ಅಂದರು.

"ಯಾರಿಗೆ ಸಾರ್?"

"ಕಾರಿಗೆ. ಹೊಸ ಸೈಲೆನ್ಸರ್ ಹಾಕ್ಸಿದೀನಿ."

ನಾನು ಓದಿದ್ದು ಮೆಕ್ಯಾನಿಕಲ್, ಮಾಡುವುದು ಸಾಫ್ಟ್‌ವೇರ್. ಯುಗಾದಿ ಊಟದ ಪಂಕ್ತಿಯಲ್ಲಿ ಬಾಯಿ ತಪ್ಪಿ ಈ ಗುಟ್ಟು ಬಿಟ್ಟುಕೊಟ್ಟದ್ದರ ಫಲವನ್ನು ಇಂದಿಗೂ ಉಣ್ಣುತ್ತಿದ್ದೇನೆ.

ಇಲ್ಲಿನವರು ಎಕ್ಸಾಸ್ಟ್ ಅನ್ನುತ್ತಾರೆ. ನಮಗೆ ಎಂಜಿನ್ನಿನ ಬುಡದಿಂದ ಹಿಂದಿನ ಕೊಳವೆಯ ತುದಿಯವರೆಗೆ ಇಡೀ ಸಂಸಾರವೇ ಸೈಲೆನ್ಸರ್. ಡಾಕ್ಟರಿಗೂ ಸೈಲೆನ್ಸರಿಗೂ ಹಳೆಯ ಲೇವಾದೇವಿಯಿದೆ. ಅವರು ಮೈಸೂರಿನವರು, ಅಪ್ಪನದು ಯೆಜ್ಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಆ ಬೈಕಿಗೆ ಎರಡು ಸೈಲೆನ್ಸರು, ಅಂದರೆ ಯಾವ ಕಡೆಯಿಂದ ಇಳಿದರೂ ಸುಟ್ಟುಕೊಳ್ಳುವ ಅನುಕೂಲ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಡಾಕ್ಟರ ಬಲ ಮೀನಖಂಡದ ಮೇಲೆ ಅದರ ಮೊಹರು ಇನ್ನೂ ಇದೆ. ಇದನ್ನು ನೆನಪಿಸಿದರೆ, "ಅದು ಬೈಕು ಕಣ್ರೀ. ಇದಕ್ಕೆ ಬಿಲ್ ಕೊಟ್ಟಿದೀನಿ" ಅಂದರು.

ಈ ಜಾತಿಯ ಜನ ಎಲ್ಲ ಊರಲ್ಲೂ ಇದ್ದಾರೆ. ವಸ್ತು ಕೆಟ್ಟಿರುವಷ್ಟು ದಿನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ರಿಪೇರಿಯಾದ ದಿನದಿಂದ ಅವರಿಗೆ ನಿದ್ದೆಯಿಲ್ಲ. ಹಡರ್ಸ್‌ಫೀಲ್ಡ್ ಬೆಟ್ಟದ ಊರು. ಚಳಿಗಾಲದಲ್ಲಿ ಹಿಮ ಕಟ್ಟದಿರಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ, ಆ ಉಪ್ಪು ಕಾರಿನ ಹೊಟ್ಟೆಯಡಿಯ ಕಬ್ಬಿಣವನ್ನು ತಿನ್ನುತ್ತದೆ. ಡಾಕ್ಟರ ಹಳೆಯ ಸೈಲೆನ್ಸರ್ ಹೀಗೆ ತೂತು ಬಿದ್ದು, ಎಂಟು ತಿಂಗಳು ಟ್ರ್ಯಾಕ್ಟರಿನಂತೆ ಬಡಿದುಕೊಂಡಿತು. ಅವರಿಗೆ ಕೇಳಿಸಲಿಲ್ಲ. ಮೂರು ವರ್ಷ ದಾಟಿದ ಕಾರಿಗೆ ಇಲ್ಲಿ ವರ್ಷಕ್ಕೊಮ್ಮೆ ಎಂಒಟಿ ಎಂಬ ಸುಸ್ಥಿತಿ ಪರೀಕ್ಷೆ. ಅದರಲ್ಲಿ ಕಾರು ಫೇಲಾಯಿತು. ಮೈಸೂರು ಮೆಡಿಕಲ್ ಕಾಲೇಜಿನಲ್ಲೂ ಫೇಲಾಗದ ಮನುಷ್ಯನಿಗೆ ಅದು ಬೇರೆ ಅವಮಾನ.

ಹೊಸದು ಹಾಕಿಸಿಕೊಂಡು ಬಂದ ಮೊದಲ ದಿನವೇ ಕಾರಿನ ಕೆಳಗಿಂದ ಹೊಗೆ, ಎಣ್ಣೆ ಕಮಟು. ಡಾಕ್ಟರು ನೀರಿನ ಬಕೆಟ್ಟಿಗೆ ಓಡಿದರು. ಅವರ ಮನೆಯವರು ಬಾಗಿಲಲ್ಲೇ ನಿಂತು, "ರೀ, ಹೊಸ ದೋಸೆ ಕಾವಲಿ ಪಳಗಿಸುವಾಗ ಹೊಗೆ ಬರಲ್ವಾ?" ಅಂದರು. ನೂರಕ್ಕೆ ನೂರು ಸರಿ. ತುಕ್ಕು ಹಿಡಿಯದಿರಲೆಂದು ಹೊಸ ಕೊಳವೆಗೆ ಬಳಿದ ಎಣ್ಣೆ ಮೊದಲ ಕೆಲವು ಓಡಾಟಗಳಲ್ಲಿ ಸುಟ್ಟುಹೋಗುತ್ತದೆ. ಆದರೆ ಹೆಂಡತಿ ಹೇಳಿದ್ದು, ಅದೂ ಕಾವಲಿಯ ಲೆಕ್ಕದಲ್ಲಿ ಹೇಳಿದ್ದು. ಡಾಕ್ಟರಿಗೆ ಎರಡನೆಯ ಅಭಿಪ್ರಾಯ ಬೇಕಾಯಿತು.

ಶನಿವಾರ ನನ್ನನ್ನು ಕರೆಸಿ, ಕಾರನ್ನು ಕ್ಯಾಸಲ್ ಹಿಲ್‌ಗೆ ಹತ್ತಿಸಿದರು. ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ನೆನಪಿಗೆಂದು 1899ರಲ್ಲಿ ಕಟ್ಟಿದ ಗೋಪುರ ಅಲ್ಲಿದೆ, ಕಿವಿ ಹರಿಯುವ ಗಾಳಿಯಿದೆ. ಪ್ರವಾಸಿಗರು ಊರನ್ನು ನೋಡುತ್ತಿದ್ದರೆ ಡಾಕ್ಟರು ಕಾರಿನ ಹಿಂದೆ ಮಂಡಿಯೂರಿದರು. ಮಗುವಿನ ಹಣೆ ಮುಟ್ಟುವಂತೆ ಅಂಗೈ ತಿರುಗಿಸಿ ಬೆರಳ ಹಿಂಬದಿಯನ್ನು ಕೊಳವೆಗೆ ಒಯ್ದರು. ನಾನು ಕೈ ಹಿಡಿದೆ. ಸರಿ ಎಂದು ಜೇಬಿನಿಂದ ಕೋವಿಡ್ ಕಾಲದ ಥರ್ಮಾಮೀಟರ್ ತೆಗೆದು ಗುರಿಯಿಟ್ಟರು. ಅದು ನಲವತ್ತೆರಡು ಸೆಲ್ಸಿಯಸ್ಸಿನ ಆಚೆ ಓದಲಾರದೆ 'ಹೈ' ಅಂದಿತು. "ನೋಡಿ, ಅದೇ ಹೇಳ್ತಾ ಇದೆ!" ನಾಯಿ ಹಿಡಿದು ಹೋಗುತ್ತಿದ್ದ ಮುದುಕ, "ಹುಷಾರಾಗಿದೀಯಾ, ಲವ್?" ಎಂದು ವಿಚಾರಿಸಿದ. ಯಾರ್ಕ್‌ಷೈರಿನಲ್ಲಿ ಗಂಡಸು ಗಂಡಸಿಗೂ ಲವ್ ಅನ್ನುತ್ತಾನೆ. ಡಾಕ್ಟರಿಗೆ ಅದು ಇನ್ನೂ ರೂಢಿಯಾಗಿಲ್ಲ.

ಅಲ್ಲೇ ಪಾಠ ಮಾಡಿದೆ. ಎಂಜಿನ್ ದುಡಿಯುವಾಗ ಅದರ ಬಾಯಿಂದ ಹೊರಬರುವ ಹೊಗೆ ನೂರಾರು ಡಿಗ್ರಿ ಬಿಸಿ. ನಡುವೆ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ವಿಷಾನಿಲವನ್ನು ತೊಳೆಯುವ ಡಬ್ಬಿ. ಸುಮಾರು 300 ಡಿಗ್ರಿ ಮುಟ್ಟಿದ ಮೇಲೇ ಅದಕ್ಕೆ ಕೆಲಸ ಹತ್ತುವುದು. ಕಾದರೆ ಆರೋಗ್ಯ, ತಣ್ಣಗಿದ್ದರೆ ರೋಗ. ಆ ಡಬ್ಬಿ ಕೆಂಡದಂತೆ ಕೆಂಪಗಾದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಹೊಗೆ ಕಾರಿನೊಳಗೇ ನುಗ್ಗಿದರೆ ಆಗ ಗ್ಯಾರೇಜಿಗೆ ಓಡಿ. ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ, ಬೆಂಕಿ ಹತ್ತುತ್ತದೆ.

"ಬೆಳಿಗ್ಗೆ ಮೂಗು ಸೋರುತ್ತೆ" ಅಂದರು. ಕೊಳವೆಯಿಂದ ನೀರು ತೊಟ್ಟಿಕ್ಕುವುದಂತೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ, ಕೊಳವೆ ತಣ್ಣಗಿದ್ದಾಗ ಆವಿ ಹನಿಯಾಗುತ್ತದೆ ಎಂದೆ. "ನಿಲ್ಲಿಸಿದ ಮೇಲೆ ಟಿಕ್ ಟಿಕ್ ಅಂತ ಕೀಲು ಲಟಿಕೆ ಮುರಿಯುತ್ತೆ." ಆರುವಾಗ ಲೋಹ ಕುಗ್ಗುವ ಸದ್ದು ಎಂದೆ. ತಲೆಯಾಡಿಸಿದರು. ಆಮೇಲೆ ನಾನು ಗೋಪುರ ನೋಡಲು ತಿರುಗಿದ್ದೇ ತಡ, ಹಿಂದೆ "ಹಾ!" ಎಂಬ ಸದ್ದು ಬಂತು. ಮನೆಗೆ ಬಂದು ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಬೆರಳು ಹಿಡಿದು ನಿಂತರು. ಸುಟ್ಟಗಾಯಕ್ಕೆ ಅಷ್ಟೇ ಹೊತ್ತು ಎಂದು ಊರಿಗೆಲ್ಲ ಹೇಳುವವರು ಅವರೇ. ಮನೆಯವರು ಗಡಿಯಾರ ನೋಡುತ್ತಾ ಹುಳಿ ಕುದಿಸಿದರು.

ಮೊನ್ನೆ ನನ್ನ ಮಗಳಿಗೆ ನೂರಾ ಎರಡು ಜ್ವರ. ರಾತ್ರಿ ಹತ್ತೂವರೆಗೆ ಡಾಕ್ಟರಿಗೆ ಫೋನ್ ಮಾಡಿದೆ. "ಆಡ್ತಿದಾಳಾ? ಹಾಲು ಕುಡಿದಳಾ? ಮತ್ತೇನ್ರೀ, ಮಲಗಿಸಿ" ಎಂದು ಆಕಳಿಸಿ ಫೋನ್ ಇಟ್ಟರು. ಬೆಳಿಗ್ಗೆ ಜ್ವರ ಇಳಿದಿತ್ತು.