ವೈನಿಗೆ ಸೀಟು ಸಿಗಲಿಲ್ಲ

ಬೆಳಗಾವಿಯಲ್ಲಿ ಕನ್ನಡದವರೂ ಮರಾಠಿಯವರೂ ಒಟ್ಟಿಗೆ ತಲೆಯಾಡಿಸುವ ಸಂಗತಿಗಳು ಕಡಿಮೆ. ಕುಂದಾ ಒಂದು, ಖಾನಾಪುರದ ಮಳೆ ಇನ್ನೊಂದು. ಅದು ಬಿಟ್ಟರೆ ಎಸ್.ಎಲ್. ಭೈರಪ್ಪ. ಗಡಿ ತಂಟೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಭೈರಪ್ಪ ಯಾರವರು ಎಂಬ ತಂಟೆ ಇನ್ನೂ ಚಹಾದಂಗಡಿಯಲ್ಲೇ ಇದೆ. ಮರಾಠಿ ಓದುಗರು ‘ಆಮಚೆ ಭೈರಪ್ಪ’ ಎಂದೇ ಮಾತು ತೆಗೆಯುತ್ತಾರೆ. ಅನ್ನಲಿ ಬಿಡಿ. ಅವರನ್ನು ಮರಾಠಿಗೆ ಒಯ್ದ ಉಮಾ ಕುಲಕರ್ಣಿ ಹುಟ್ಟಿದ್ದು ಬೆಳಗಾವಿಯಲ್ಲೇ. ಗಂಡ ವಿರೂಪಾಕ್ಷ ಕುಲಕರ್ಣಿ ಕನ್ನಡ ಪುಸ್ತಕ ಓದಿ ಟೇಪು ಮಾಡಿಕೊಡುತ್ತಿದ್ದರು, ಇವರು ಕೇಳಿಕೊಂಡು ಮರಾಠಿಯಲ್ಲಿ ಬರೆಯುತ್ತಿದ್ದರು.

ಖಾನಾಪುರದ ನಮ್ಮ ವೈನಿ ಓದಿದ್ದು ಆ ಮರಾಠಿ ‘ವಂಶವೃಕ್ಷ’. ಹೋದ ಮಳೆಗಾಲದಲ್ಲಿ ಅವರ ಮನೆಗೆ ಹೋದಾಗ ಟಿವಿಯಲ್ಲಿ ಅದರ ಸಿನಿಮಾ ಹಾಕಿಕೊಂಡು ಕೂತೆವು. 1971ರ ಕಪ್ಪು-ಬಿಳುಪು ಚಿತ್ರ. ಬಿ.ವಿ. ಕಾರಂತ, ಗಿರೀಶ ಕಾರ್ನಾಡ ಇಬ್ಬರ ನಿರ್ದೇಶನ, ಅದಕ್ಕೆ ರಾಷ್ಟ್ರಪ್ರಶಸ್ತಿ ಬೇರೆ. ಕಾತ್ಯಾಯನಿಯಾಗಿ ಎಲ್.ವಿ. ಶಾರದಾ ಚೆನ್ನಾಗಿಯೇ ಮಾಡಿದ್ದಾರೆ. ಸಣ್ಣ ಪಾತ್ರವೊಂದರಲ್ಲಿ ವಿಷ್ಣುವರ್ಧನ್ ಕಂಡಾಗ ಹುಡುಗರು ಸಿಳ್ಳೆ ಹೊಡೆದರು. ವೈನಿ ಮಾತ್ರ ಅವಲಕ್ಕಿಗೆ ಕೈ ಹಾಕದೆ ಸುಮ್ಮನೆ ಕೂತಿದ್ದರು.

“ಯಾಕ್ರಿ ವೈನಿ, ಸೇರಲಿಲ್ಲೇನು?”

“ಕಾತ್ಯಾಯನಿ ನಂಜನಗೂಡಿನಿಂದ ಮೈಸೂರಿಗೆ ರೈಲಿನಾಗ ಕಾಲೇಜಿಗೆ ಹೋಗ್ತಾಳ ನೋಡ್ರಿ, ನಾ ಖಾನಾಪುರದಿಂದ ಬೆಳಗಾವಿಗೆ ಹಂಗ ಹೋಗೀನಿ. ಪುಸ್ತಕದಾಗ ಅಕಿ ಬಾಜೂಕ ನಾನೂ ಕೂತಿದ್ದೆ. ಇದರಾಗ ನನಗ ಸೀಟ ಸಿಗಲಿಲ್ಲ.”

ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ. ಭೈರಪ್ಪನವರ ಓದುಗರಿಗೆ ಕಥೆ ನಡೆದರೆ ಸಾಲದು, ಅದರ ಜೊತೆ ಪುಟಗಟ್ಟಲೆ ವಾದವೂ ನಡೆಯಬೇಕು. ಕಾತ್ಯಾಯನಿಯ ಮಾವ ಶ್ರೋತ್ರಿಗಳು ಶ್ರಾದ್ಧದ ಬಗ್ಗೆ, ಧರ್ಮದ ಬಗ್ಗೆ ಯೋಚಿಸುತ್ತ ಹೋದಂತೆ ನಾವೂ ಮನಸ್ಸಿನಲ್ಲೇ ಅವರೊಡನೆ ಜಗಳಾಡುತ್ತಿರಬೇಕು. ಕ್ಯಾಮೆರಾ ಯೋಚನೆಯನ್ನು ಎಲ್ಲಿಂದ ಹಿಡಿದೀತು? ಯೋಚಿಸುವ ಮುದುಕರೊಬ್ಬರನ್ನು ತೋರಿಸೀತು, ಅಷ್ಟೆ.

ಅಷ್ಟರಲ್ಲಿ ಕರೆಂಟು ಹೋಯಿತು. ಖಾನಾಪುರದ ಮಳೆಯಲ್ಲಿ ಅದು ಸುದ್ದಿಯೇ ಅಲ್ಲ. ಉಳಿದ ಕಥೆಯನ್ನು ವೈನಿಯೇ ಹೇಳಿದರು, ಅರ್ಧ ಕನ್ನಡ, ಅರ್ಧ ಮರಾಠಿ. ಸೊಸೆ ಮರುಮದುವೆಯಾಗಿ ಹೋದರೂ ವಂಶಕ್ಕೆಂದು ಮೊಮ್ಮಗನನ್ನು ಉಳಿಸಿಕೊಂಡ ಶ್ರೋತ್ರಿಗಳಿಗೆ, ಆ ವಂಶದ ರಕ್ತ ತಮ್ಮ ಮೈಯಲ್ಲೇ ಇಲ್ಲವೆಂದು ತಿಳಿಯುವ ಜಾಗ ಬಂದಾಗ, ಮೊಬೈಲ್ ಹಿಡಿದಿದ್ದ ಹುಡುಗನೂ ಅದನ್ನು ಕೆಳಗಿಟ್ಟ.

“ಈ ಸಿನಿಮಾ ಸಲವಾಗಿ ಇಬ್ಬರೂ ಆವಾಗನ ಜಗಳಾಡಬೇಕಿತ್ತು,” ಎಂದರು ಜೊತೆಗೆ ಕೂತಿದ್ದ ಕಾಕಾ. “ಮೂವತ್ತೈದು ವರ್ಷ ತಡಾ ಮಾಡಿದ್ರು.” ಅವರು ಹೇಳಿದ್ದು 2006ರಲ್ಲಿ ಟಿಪ್ಪುವಿನ ಸಲುವಾಗಿ ಭೈರಪ್ಪ-ಕಾರ್ನಾಡರ ನಡುವೆ ಪತ್ರಿಕೆಯಲ್ಲಿ ನಡೆದ ಜಟಾಪಟಿ. ನಡುವೆ 1977ರಲ್ಲಿ ಇದೇ ಕಾರಂತ-ಕಾರ್ನಾಡ ಜೋಡಿ ‘ತಬ್ಬಲಿಯು ನೀನಾದೆ ಮಗನೆ’ಯನ್ನೂ ಸಿನಿಮಾ ಮಾಡಿತ್ತು, ಅದರ ವಿಷಯ ಎತ್ತಿದರೆ ಊಟಕ್ಕೆ ತಡವಾಗುತ್ತಿತ್ತು. ಜಟಾಪಟಿಯ ಮರುವರ್ಷವೇ ಭೈರಪ್ಪನವರ ‘ಆವರಣ’ ಬಂತು. ಅದನ್ನು ಹೊಗಳಿದವರೂ ಬೈದವರೂ ಒಂದೇ ಮನೆಯಲ್ಲಿದ್ದರು. ಈ ಮನೆಯಲ್ಲೂ ಇದ್ದಾರೆ.

“ಇನ್ನ ‘ಆವರಣ’ ಯಾರರ ಸಿನಿಮಾ ಮಾಡಿದರ?” ಎಂದೆ.

“ಮುಗೀತು,” ಎಂದರು ಕಾಕಾ. “ಬೆಳಗಾವಿ ಟಾಕೀಸಿನಾಗ ನವೆಂಬರ್ ಒಂದನೇ ತಾರೀಖಿನಕಿಂತ ಜಾಸ್ತಿ ಪೊಲೀಸರು ಇರ್ತಾರ.”

“ಇರಲೇಳ್ರಿ,” ಎಂದರು ವೈನಿ, ಅವಲಕ್ಕಿ ತಟ್ಟೆ ಎಳೆದುಕೊಳ್ಳುತ್ತ. “ಅವರು ಪುಸ್ತಕ ಓದಿರೂದುಲ್ಲ. ಅವರಿಗರ ಸೇರತೈತಿ.”