ಅರ್ಜಿಗೂ ಒಂದು ಜಾತಕ
ವಿಜ್ಞಾನಿಗಳೆಂದರೆ ಅಳೆದು ತೂಗಿ ಮಾತಾಡುವವರು, ನಮ್ಮ ಹಾಗೆ ಜಾತಕ ಹಿಡಿದು ಓಡಾಡುವವರಲ್ಲ ಅಂದುಕೊಂಡಿದ್ದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ಸಂಶೋಧನೆಗೆ ದುಡ್ಡು ಹಂಚುವ ಬಗೆ ತಿಳಿದ ಮೇಲೆ ನಮ್ಮೂರ ಜೋಯಿಸರ ಮೇಲೆ ಗೌರವ ಹೆಚ್ಚಿತು.

ಅಲ್ಲಿ ವಿಜ್ಞಾನಿಯಾದವನು ಇನ್ನೂ ಮಾಡದ ಕೆಲಸದ ಬಗ್ಗೆ ಪುಟಗಟ್ಟಲೆ ಅರ್ಜಿ ಬರೀಬೇಕು. ಅದೇ ಕಸುಬಿನ ಹಿರಿತಲೆಗಳು ಓದಿ 1ರಿಂದ 9ರವರೆಗೆ ಅಂಕ ಹಾಕ್ತಾರೆ. 1 ಬಂದರೆ ಶಹಬ್ಬಾಸ್, 9 ಬಂದರೆ ಮನೆ ದಾರಿ. ನಮ್ಮ ಕಾಲದಲ್ಲಿ ಇಂಥ ಪರೀಕ್ಷೆ ಇದ್ದಿದ್ದರೆ ನನ್ನ ಬೆನ್ನು ಎಷ್ಟು ಸುಖವಾಗಿರುತ್ತಿತ್ತು!

ಸರಿ, ಆ ಭವಿಷ್ಯ ಫಲಿಸುತ್ತದೆಯೇ? 2015ರಲ್ಲಿ ಡೇನಿಯೆಲ್ ಲಿ, ಲೈಲಾ ಅಘಾ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು 1980ರಿಂದ 2008ರವರೆಗಿನ 1,30,000ಕ್ಕೂ ಹೆಚ್ಚು ಅನುದಾನಗಳನ್ನು ಜಾಲಾಡಿದರು. ಒಳ್ಳೆಯ ಅಂಕ ಪಡೆದವರಿಂದ ಲೇಖನ ಹೆಚ್ಚು, ಪೇಟೆಂಟೂ ಹೆಚ್ಚು ಅಂದರು. ಪರೀಕ್ಷಕರು ಮೀಸೆ ತಿರುವುವಷ್ಟರಲ್ಲಿ, ಮರುವರ್ಷವೇ ಫ್ಯಾಂಗ್, ಬೋವೆನ್, ಕ್ಯಾಸಡೆವಾಲ್ ಎಂಬ ಮೂವರು ಅದೇ ಲೆಕ್ಕದ ಕಡತ ಬಿಚ್ಚಿ ಕೂತರು. ಮೇಲಿನ ನೂರಕ್ಕೆ ಇಪ್ಪತ್ತರೊಳಗಿನವರನ್ನಷ್ಟೇ ನೋಡಿದರೆ ಅಂಕಕ್ಕೂ ಫಲಕ್ಕೂ ನಂಟು ತೀರಾ ತೆಳು! ದುಡ್ಡಿನ ಕತ್ತರಿ ಆಡುವುದೂ ಹೆಚ್ಚುಕಡಿಮೆ ಅಲ್ಲೇ ನೋಡಿ. ಮೊರ ಜೊಳ್ಳನ್ನು ಹಾರಿಸೀತು. ಗಟ್ಟಿ ಕಾಳಿನಲ್ಲಿ ಯಾವುದು ಚೆನ್ನಾಗಿ ಮೊಳೆಯುತ್ತದೆ ಅಂತ ಮೊರವನ್ನು ಕೇಳಿದರೆ ಪಾಪ, ಅದೇನು ಹೇಳೀತು? (ಫಲ ಅಂದರೂ ಏನು, ಲೇಖನ, ಪೇಟೆಂಟುಗಳ ಎಣಿಕೆ ತಾನೆ. ಹಲಸಿನ ಮರವನ್ನೂ ನೆಲ್ಲಿ ಮರವನ್ನೂ ಕಾಯಿ ಎಣಿಸಿ ಹೋಲಿಸಿದ ಹಾಗೆ.)

ಇನ್ನೊಂದು ತಮಾಷೆ. ದುಡ್ಡು ಸಿಕ್ಕವರ ಲೆಕ್ಕ ಸಿಗುತ್ತದೆ. ಸಿಗದವರು ಏನು ಕಡಿದು ಕಟ್ಟೆ ಹಾಕುತ್ತಿದ್ದರೋ ಬಲ್ಲವರಾರು? ಕ್ಯಾಟಲಿನ್ ಕಾರಿಕೊ ಎಂಬ ವಿಜ್ಞಾನಿ ಎಂಆರ್‌ಎನ್‌ಎ ಎಂಬ ಅಣುವಿನ ಬೆನ್ನುಹತ್ತಿ ಅರ್ಜಿ ಮೇಲೆ ಅರ್ಜಿ ಹಾಕಿದರು. ಬಂದದ್ದು ನಕಾರ, 1995ರಲ್ಲಿ ಹಿಂಬಡ್ತಿ ಬೇರೆ. ಅದೇ ಕೆಲಸಕ್ಕೆ 2023ರಲ್ಲಿ ಆಕೆಗೆ ನೊಬೆಲ್ ಬಂತು. ಅಂದು ಬೇಡವೆಂದ ಮಹನೀಯರು ಆ ದಿನ ಟಿ.ವಿ. ಹಾಕಿದ್ದರೋ ಇಲ್ಲವೋ.

ನ್ಯೂಜಿಲೆಂಡಿನವರು ಜಾಣರು. ಅಲ್ಲಿನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ ಒಂದು ಬಗೆಯ ಅನುದಾನಕ್ಕೆ ಜೊಳ್ಳು ತೆಗೆದು, ಉಳಿದವರ ನಡುವೆ ಲಾಟರಿ ಎತ್ತುತ್ತಾ ಬಂದಿದೆ. ಸೋತವನು ಗ್ರಹಚಾರವನ್ನು ಬೈದುಕೊಂಡು ಪ್ರಯೋಗಾಲಯಕ್ಕೆ ಹೋಗಬಹುದು, ಪರೀಕ್ಷಕರ ಮೇಲೆ ಹಲ್ಲು ಮಸೆಯಬೇಕಿಲ್ಲ. ನನ್ನ ವೋಟು ಚೀಟಿ ಎತ್ತುವವರಿಗೆ.